ತೊಗಟೆ ಸುಲಿಯದ ದಿಮ್ಮಿ

ಆಪಿಂಗಡಾಮ್, ಜೂನ್ ೧೨

ರೂಲಾಫ್,

ಕಾಲುವೆ ದಂಡೆಯಲ್ಲಿ ನಮ್ಮ ಎಲ್ಮ್ ಮರವಿದ್ದ ಜಾಗದಲ್ಲೇ ಪುರಸಭೆಯವರು ಹೊಸ ತಳಿಯ ಎಲ್ಮ್ ಸಸಿ ನೆಟ್ಟಿದ್ದಾರೆ. ಎಲೆಯ ಅಂಚಿಗೆ ಹೊಂಬಣ್ಣ, ನೋಡಲು ಚಂದ. "ಎಲ್ಮ್ ಮರಗಳನ್ನ ಒಣಗಿಸೋ ಆ ಬೂಷ್ಟು ರೋಗ ಇದಕ್ಕೆ ತಗಲೋದೇ ಇಲ್ಲ ಹಿಲ್ಕೆ. ಬೇಕಂತಲೇ ಬೂಷ್ಟು ಚುಚ್ಚಿ ನೋಡಿದಾರೆ, ಜಗ್ಗಲಿಲ್ಲ" ಎಂದಳು, ಪುರಸಭೆಯಲ್ಲಿ ಮರ ನೋಡಿಕೊಳ್ಳುವ ನಿನ್ನ ಕೆಲಸಕ್ಕೆ ಈಗ ಬಂದಿರುವ ಹುಡುಗಿ. ನನಗೆ ಆ ಸಸಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಕಳೆದ ಆಗಸ್ಟಿನಲ್ಲಿ, ನನ್ನನ್ನು ಬಿಟ್ಟು ಲೊಪ್ಪರ್ಸಮ್‌ಗೆ ಹೋಗುವ ಮುನ್ನ, ನೀನು ರೋಗ ಹಿಡಿದ ಆ ಮರ ಕಡಿದು ಒಂದೊಂದು ದಿಮ್ಮಿಯ ತೊಗಟೆಯನ್ನೂ ಸುಲಿದೆಯಲ್ಲ, ಆಗ ಒಂದನ್ನು ನಿನ್ನ ಕೈಗೆ ಸಿಗದಂತೆ ನಾನು ಬಚ್ಚಿಟ್ಟೆ. ಹನ್ನೊಂದು ವರ್ಷ ನೀನು ಸೈಕಲ್ ಒರಗಿಸಿ ಒರಗಿಸಿ ನುಣ್ಣಗಾದ ಜಾಗ ಅದರಲ್ಲಿತ್ತು. ತೊಗಟೆಯೊಳಗೆ ದುಂಬಿ ಉಳಿಯುತ್ತದೆ, ರೋಗ ಹೊರುವುದು ಅದೇ ಎಂದು ಗೊತ್ತಿಲ್ಲದವಳಲ್ಲ ನಾನು. ಮೇ ತಿಂಗಳಲ್ಲಿ ದಿಮ್ಮಿಯ ಮೈತುಂಬ ದುಂಬಿ ಕೊರೆದು ಹೊರಬಿದ್ದ ಸಣ್ಣ ತೂತುಗಳು ಕಂಡವು. ಈಗ ಪಕ್ಕದ ಮನೆಯ ತ್ರೈಂಚೆಯ ಎಲ್ಮ್ ತುದಿಯಲ್ಲಿ ಹಳದಿಯಾಗಿದೆ. "ಹಾಳಾದ ದುಂಬಿ ಎಲ್ಲಿಂದ ಬಂತೋ!" ಎಂದು ಅವಳು ನನ್ನ ಅಡುಗೆಮನೆಯಲ್ಲೇ ಕೂತು ಶಪಿಸಿದಳು. ನಾನು ಇನ್ನೊಂದು ಬಿಸ್ಕತ್ತು ಕೊಟ್ಟೆ.

ಇವತ್ತು ಅವಳಿಗೆ ನಿಜ ಹೇಳುತ್ತೇನೆ. ಆದರೆ ದಿಮ್ಮಿ ಸುಲಿಯಲು ನನಗೆ ಕೈ ಬರುತ್ತಿಲ್ಲ. ನಿನ್ನ ಕತ್ತಿ ಶೆಡ್ಡಿನಲ್ಲೇ ಇದೆ. ಭಾನುವಾರ ಬಂದು ಸುಲಿದುಕೊಡು, ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆಯ ದಾರಿ ಅಷ್ಟೆ.

ಹೊಸ ಸಸಿ ಮಣಿಕಟ್ಟಿನಷ್ಟೇ ದಪ್ಪ, ಒರಗಿಸಿದರೆ ಬಾಗುತ್ತದೆ. ಸೈಕಲ್ಲನ್ನು ಗೋಡೆಗೆ ಒರಗಿಸಿಡು. ಅಲ್ಲಿದ್ದ ಹೂಕುಂಡಗಳನ್ನು ಆಗಲೇ ಎತ್ತಿಟ್ಟಿದ್ದೇನೆ.

ಹಿಲ್ಕೆ