ಬಲಗಿವಿಯ ತಮಟೆ

17 ಜುಲೈ, ಗುರುವಾರ. ಟಿ. ನರಸೀಪುರ.

ನಾಳೆ ‘ಮರಳುದಂಡೆ’ ಬ್ಯಾಂಡಿನ ಮೂರನೇ ಆಲ್ಬಮ್ ಬರುತ್ತದೆ. “ಮೊದಲನೇದರ ಥರ ಇರ್ತದಾ, ಎರಡನೇದರ ಥರಾನಾ? ಹೇಳೇ ರಂಜಿನಿ,” ಎಂದು ರೋಜಾ ಬೆಳಗ್ಗೆಯಿಂದ ಗ್ರೂಪಿನಲ್ಲಿ ಪೀಡಿಸುತ್ತಿದ್ದಾಳೆ.

ನನ್ನ ಜೊತೆ ಓದುತ್ತಿದ್ದ ಜಗನ್ ಇದ್ದಿದ್ದರೆ ಜಗಳವೇ ಆಗುತ್ತಿತ್ತು. ನಂಜನಗೂಡಿನ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಇಯರ್‌ಫೋನ್ ಹಂಚಿಕೊಂಡು ಕೇಳುತ್ತಿದ್ದೆವು. ಎಡಗಡೆಯದು ನನಗೆ, ಬಲಗಡೆಯದು ಅವನಿಗೆ.

“ಮೊದಲನೇದೇ ಮೇಲು ಕಣೇ. ಆ ತಮಟೆ ಕೇಳುಸ್ಕೋ, ಮೈ ಜುಂ ಅಂತದೆ,” ಎನ್ನುತ್ತಿದ್ದ.

“ತಮಟೆ ಎಲ್ಲೈತೋ? ಬರೀ ಗಿಟಾರು. ತಮಟೆ ನಿನ್ ತಲೇಲೈತೆ,” ಎಂದು ನಾನು ರೇಗಿಸುತ್ತಿದ್ದೆ. ನನಗೆ ಎರಡನೆಯದೇ ಇಷ್ಟ.

ಹೋದ ವರ್ಷ ಅವನ ಹೆಣದ ಮುಂದೆ ತಮಟೆ ಬಡಿದರು. ಆಮೇಲೆ ನಾನು ಆ ಹಾಡುಗಳ ತಂಟೆಗೇ ಹೋಗಿರಲಿಲ್ಲ.

ಇವತ್ತು ರೋಜಾಳಿಗೆ ಉತ್ತರ ಕೊಡೋಣವೆಂದು ಮೊದಲನೆಯದನ್ನು ಹಾಕಿದೆ, ಇದೇ ಮೊದಲ ಸಲ ಎರಡೂ ಕಿವಿಗೆ. ಎಡಗಡೆ ಅದೇ ಗಿಟಾರು. ಬಲಗಡೆ ತಮಟೆ. ಅಷ್ಟು ದಿನವೂ ಅದು ಅವನ ಕಿವಿಯಲ್ಲಿ ಮಾತ್ರ ಇತ್ತು.

ಬಲಗಡೆಯದನ್ನು ಕಿತ್ತು ದಿಂಬಿನ ಮೇಲಿಟ್ಟಿದ್ದೇನೆ. ಅಲ್ಲೇ ಸಣ್ಣಗೆ ಬಡಿಯುತ್ತಿದೆ. ನಿಲ್ಲಿಸಲು ಕೈ ಬರುತ್ತಿಲ್ಲ.