ಅಕ್ಕನ ಪಿಸ್ತೂಲಿನ ಹಿಡಿ

ಜೂನ್ ೧೧, ಮಂಗಳವಾರ.

ಇವತ್ತೂ ಗುಂಡುಗಳೆಲ್ಲ ಎಡಕ್ಕೇ ಹೋದವು. ಅಕ್ಕ ತೀರಿಕೊಂಡ ಮೇಲೆ ಅವಳ ಪಿಸ್ತೂಲಿನಲ್ಲೇ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಹಾಳಾದ್ದು ನನ್ನ ಮಾತು ಕೇಳುವುದೇ ಇಲ್ಲ. “ಹಿಡಿ ಅವಳ ಅಳತೆಗೆ ಕೆತ್ತಿದ್ದು ಕಣಮ್ಮ. ನಿನ್ನ ಕೈ ಚಿಕ್ಕದು. ಹೆಬ್ಬೆರಳಿನ ಕುಳಿಗೆ ಸ್ವಲ್ಪ ಮರದ ಪುಟ್ಟಿ ತುಂಬು, ಗುರಿ ತಾನಾಗೇ ಕೂರುತ್ತೆ,” ಅಂದರು ಕೋಚ್. ಸರಿಯಾದ ಮಾತೇ. ಆದರೂ ಅವರ ಮೇಲೆ ರೇಗಿಬಿಟ್ಟೆ.

ಮನೆಗೆ ಬಂದು ಪುಟ್ಟಿ ಕಲಸಿದೆ. ಆ ಸವೆದ ಕುಳಿಯಲ್ಲಿ ಬೆರಳಿಟ್ಟರೆ, ಚಿಕ್ಕವಳಿದ್ದಾಗ ರಸ್ತೆ ದಾಟಿಸಲು ಅಕ್ಕ ಕೈ ಹಿಡಿಯುತ್ತಿದ್ದ ಹಾಗೆಯೇ ಅನ್ನಿಸಿತು. ಕೂತೇ ಇದ್ದೆ, ಪುಟ್ಟಿ ಬಟ್ಟಲಲ್ಲೇ ಕಲ್ಲಾಯಿತು.

ನಾಳೆ ಕೋಚ್ ಬೈದರೆ ಬೈಯಲಿ. ಗುಂಡು ಎಡಕ್ಕೆ ಹೋದರೆ ಹೋಗಲಿ. ಅಕ್ಕನ ಕೈ ಬಿಡಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.