ಬೀಸಣಿಗೆ ಇಳಿಸಿದವನ ಮುಖ

ರಾಜ್ಯ ಚಲನಚಿತ್ರ ಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಸತ್ತವನ ಒಪ್ಪಿಗೆ ಪತ್ರವನ್ನು ನಾನು ಎಲ್ಲಿಂದ ತರಲಿ?

1964ರ ಬೇಸಿಗೆಯಲ್ಲಿ, ಪೈನ್ ಹಾಲೋದ ನಮ್ಮ ಕರಿಯರ ಚರ್ಚಿನಲ್ಲಿ ಮತದಾನದ ಹಕ್ಕಿಗಾಗಿ ಸಭೆ ನಡೆದಾಗ, ಪೊಲೀಸರು ಬಾಗಿಲಲ್ಲೇ ನಿಂತು ತೆಗೆದ ರೀಲು ಈಗ ತಮ್ಮ ಕಪಾಟಿನಲ್ಲಿದೆ. ಆ ಹೋರಾಟದ ಬಗ್ಗೆ ನಾನು ಮಾಡುತ್ತಿರುವ ಸಾಕ್ಷ್ಯಚಿತ್ರಕ್ಕೆ ಅದನ್ನು ಕೇಳಿದೆ. ತಮ್ಮ ಉತ್ತರ ಬಂತು: ಚಿತ್ರದಲ್ಲಿರುವವರ ಖಾಸಗಿತನ ಕಾಪಾಡುವುದು ತಮ್ಮ ಕರ್ತವ್ಯವಂತೆ. ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕಂತೆ. ಎಂಥ ಕಾಳಜಿ! ಅಂದು ಕ್ಯಾಮೆರಾ ಹಿಡಿದವರು ಯಾರ ಒಪ್ಪಿಗೆ ಕೇಳಿದ್ದರು?

ಆ ರೀಲನ್ನು ತಮ್ಮ ಕಚೇರಿಯಲ್ಲೇ ಕುಳಿತು ಒಮ್ಮೆ ನೋಡಲು ಬಿಟ್ಟಿರಿ, ಅದಕ್ಕೆ ಕೃತಜ್ಞಳು. ಮುಖಗಳೇ ಇಲ್ಲ, ಬರೀ ಬೀಸಣಿಗೆಗಳು. ಶವಸಂಸ್ಕಾರದ ಅಂಗಡಿಯವರು ಪುಕ್ಕಟೆ ಹಂಚುತ್ತಿದ್ದ ರಟ್ಟಿನ ಬೀಸಣಿಗೆಗಳು. ಕ್ಯಾಮೆರಾ ಬಂದರೆ ಅವುಗಳಿಂದ ಮುಖ ಮುಚ್ಚಿಕೊಳ್ಳುವುದು ನಮ್ಮವರ ರೂಢಿ. ಗುರುತು ಸಿಕ್ಕರೆ ಬೆಳಗಾಗುವಷ್ಟರಲ್ಲಿ ಹತ್ತಿ ಹೊಲದ ಕೆಲಸವೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು. ಆ ಸಾಲಿನಲ್ಲಿ ಒಬ್ಬ ಹುಡುಗ ಮಾತ್ರ ಬೀಸಣಿಗೆ ಇಳಿಸಿ ನೇರ ನೋಡುತ್ತಾನೆ. ಅವನು ನನ್ನ ಸೋದರಮಾವ ಲೂಷಿಯಸ್. ಮುಂದಿನ ವಾರ ಅವನ ಹೆಣ ನದಿಯಲ್ಲಿ ಸಿಕ್ಕಿತು.

ಅವನ ಪಕ್ಕದಲ್ಲಿ ಮುಖ ಮುಚ್ಚಿಕೊಂಡು ಕುಳಿತವಳು ಅವನ ಅಕ್ಕ, ನನ್ನ ದೊಡ್ಡಮ್ಮ ಅರ್ಥೀಲಾ. ಅಂದು ಬೀಸಣಿಗೆ ಇಳಿಸಿದವನು ತನ್ನ ತಮ್ಮನೊಬ್ಬನೇ ಎಂದು ನನಗೆ ಹೇಳಿದವಳು ಅವಳೇ. ಅದೇ ವರ್ಷ ಮನೆಗೆ ಬೆಂಕಿ ಬಿದ್ದು ಇದ್ದ ಫೋಟೋಗಳೆಲ್ಲ ಸುಟ್ಟುಹೋದವು. ನನ್ನ ತಾಯಿ ಈಗಿಲ್ಲ, ಉಳಿದ ವಾರಸುದಾರಳು ಅವಳೇ, ನಿಜ. ಆದರೆ ಅವಳು ಅವನ ಅಕ್ಕ ಎಂಬುದಕ್ಕೆ ದಾಖಲೆ? ಇಬ್ಬರೂ ಗೇಣಿ ಗುಡಿಸಲಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು, ಜನನ ಬರೆಸಿದವರಿಲ್ಲ. ಈ ರಾಜ್ಯ ನಮ್ಮ ಹುಟ್ಟನ್ನು ದಾಖಲಿಸುವ ಗೋಜಿಗೆ ಹೋಗಲಿಲ್ಲ, ನಮ್ಮ ಸಭೆಗಳನ್ನು ಮಾತ್ರ ತಪ್ಪದೆ ದಾಖಲಿಸಿತು.

ತಮ್ಮ ಉತ್ತರವನ್ನು ಓದಿ ಹೇಳಿದಾಗ ದೊಡ್ಡಮ್ಮ ನಕ್ಕುಬಿಟ್ಟಳು. "ಅಯ್ಯೋ, ಮರ್ಯಾದಸ್ಥರು ಕಣೇ! ಸತ್ತೋನನ್ನೂ ಕೇಳ್ದೆ ಏನೂ ಮಾಡಲ್ವಂತೆ." ಆಮೇಲೆ ಮೆಲ್ಲಗೆ ಕೇಳಿದಳು: "ನೀನು ನೋಡಿದ್ಯಲ್ಲ, ಹೆಂಗಿದ್ದ ಹೇಳು."

"ಚೆನ್ನಾಗಿದ್ದ ದೊಡ್ಡಮ್ಮ. ಮೂಗು ನಿನ್ನ ಥರಾನೇ."

"ನನ್ನ ಮೂಗೇ ನಂಗೆ ಕಾಣಲ್ಲ, ಬೇರೆ ಏನಾದ್ರೂ ಹೇಳೇ."

ಅವಳ ಕಣ್ಣು ದಿನದಿಂದ ದಿನಕ್ಕೆ ಮಂಜಾಗುತ್ತಿದೆ. ಡಾಕ್ಟರು ಕೈಚೆಲ್ಲಿದ್ದಾರೆ. ರಾಜಧಾನಿಯವರೆಗೆ ಕಾರಿನಲ್ಲಿ ಕೂರುವ ಶಕ್ತಿ ಅವಳಿಗಿಲ್ಲ. ನಾನು ಊರೂರು ತಿರುಗಿ ಜನರನ್ನು ಮಾತಾಡಿಸುವವಳು, ಮಾತೇ ನನ್ನ ಕಸುಬು. ಆದರೂ ಒಂದು ಮುಖವನ್ನು ಮಾತಿನಲ್ಲಿ ಅವಳಿಗೆ ಕಾಣಿಸಲು ನನ್ನಿಂದಾಗಲಿಲ್ಲ.

ಹಾಗಾಗಿ ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ. ಆ ದೃಶ್ಯ ನನ್ನ ಚಿತ್ರಕ್ಕೆ ಬೇಡ. ತಮ್ಮದೇ ನೌಕರನ ಕೈಯಲ್ಲಿ ರೀಲು ಕಳಿಸಿ, ಅವಳ ಕೋಣೆಯ ಗೋಡೆಯ ಮೇಲೆ ಒಂದೇ ಒಂದು ಸಲ ತೋರಿಸಿ, ವಾಪಸು ಒಯ್ಯಿರಿ. ಬೇಕಿದ್ದರೆ ಬಾಗಿಲಲ್ಲಿ ಪೊಲೀಸರನ್ನೂ ನಿಲ್ಲಿಸಿ, ನಮಗದು ಹೊಸದಲ್ಲ. ಆದರೆ ಬೇಗ ಕಳಿಸಿ. ನಿನ್ನೆ ಅವಳು ನನ್ನ ಕೈ ಹಿಡಿದು, "ಅವ್ನಿಗೆ ಮೀಸೆ ಬಂದಿತ್ತೇನೇ? ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ" ಎಂದು ಅತ್ತಳು.

ಇಂತಿ,
ವಾರಸುದಾರಳೆಂದು ಸಾಬೀತಾಗದ ಅಕ್ಕನ ಪರವಾಗಿ,
ಜೆನೀವಾ ಟಾಲ್ಬರ್ಟ್